ಸ್ಟ್ರಾನ್ಷಿಯಮ್ ಹಾಕಿದರೆ ಕಾಂತ, ಕಬ್ಬಿಣ ಹಾಕಿದರೆ ಯಾಕಲ್ಲ?

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟ್‌ಗಾಗಿ ಲ್ಯಾಂಥನಮ್ ಮ್ಯಾಂಗನೈಟ್ ತಯಾರಿಸುತ್ತಿದ್ದೇನೆ. ಶೇ 30ರಷ್ಟು ಲ್ಯಾಂಥನಮ್ ಬದಲು ಸ್ಟ್ರಾನ್ಷಿಯಮ್ ಹಾಕಿದಾಗ ಪುಡಿ ಮ್ಯಾಗ್ನೆಟ್‌ಗೆ ಅಂಟಿಕೊಂಡಿತು, ಕರೆಂಟೂ ಚೆನ್ನಾಗಿ ಹರಿಯಿತು. ಸ್ಟ್ರಾನ್ಷಿಯಮ್‌ಗೆ ಕಾಂತಗುಣವೇ ಇಲ್ಲ, ಮತ್ತೆ ಇದು ಹೇಗೆ? ಇನ್ನೂ ಜಾಸ್ತಿ ಬರಲಿ ಎಂದು ಮ್ಯಾಂಗನೀಸ್ ಜಾಗದಲ್ಲಿ ಶೇ 10 ಕಬ್ಬಿಣ ಹಾಕಿದೆ. ಈಗ ಪುಡಿ ಅಂಟುತ್ತಲೇ ಇಲ್ಲ, ರೋಧವೂ ಏರಿದೆ. ಸಿಲಿಕಾನ್‌ಗೆ ಹತ್ತು ಲಕ್ಷಕ್ಕೊಂದು ಪರಮಾಣು ಸಾಕಂತೆ, ಇಲ್ಲಿ ಶೇ 30 ಯಾಕೆ ಬೇಕು? ಜೊತೆಗೆ, ಕಬ್ಬಿಣದ ಸ್ಯಾಂಪಲ್‌ನಲ್ಲಿ 45 ಕೆಲ್ವಿನ್ ಹತ್ತಿರ ಒಂದು ಸಣ್ಣ ಏರು ಕಾಣಿಸುತ್ತಿದೆ. ಅದು ಹೊಸ ಕಾಂತೀಯ ಬದಲಾವಣೆಯಾ?

ಉತ್ತರ: ನಿಮ್ಮ ಕಬ್ಬಿಣದ ಸ್ಯಾಂಪಲ್ ಕೆಟ್ಟಿಲ್ಲ. ಅದು ಮಾಡಬೇಕಾದ್ದನ್ನೇ ಮಾಡಿದೆ. ಪೆರೋವ್‌ಸ್ಕೈಟ್ ಎಂಬ ರಚನೆಯ ಆಕ್ಸೈಡ್‌ಗಳಲ್ಲಿ (ನಿಮ್ಮ ಮ್ಯಾಂಗನೈಟ್ ಕೂಡ ಅದೇ ಗುಂಪು) ನಾವು ಹಾಕುವ ಪರಮಾಣುವಿಗೆ ಸ್ವಂತ ಕಾಂತಗುಣ ಇದೆಯಾ ಇಲ್ಲವಾ ಎನ್ನುವುದು ಎರಡನೇ ಮಾತು. ಒಂದು ಮ್ಯಾಂಗನೀಸ್‌ನಿಂದ ಪಕ್ಕದ ಮ್ಯಾಂಗನೀಸ್‌ಗೆ, ನಡುವಿನ ಆಮ್ಲಜನಕವನ್ನು ದಾಟಿ, ಎಲೆಕ್ಟ್ರಾನ್ ಹೋಗುವ ದಾರಿಗೆ ಅದು ಏನು ಮಾಡುತ್ತದೆ? ಮೊದಲು ಕೇಳಬೇಕಾದದ್ದು ಇದನ್ನು. ನಿಮ್ಮ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಈ ದಾರಿಯಲ್ಲೇ ಇದೆ.

ರಚನೆಯಿಂದ ಶುರು ಮಾಡೋಣ. ಪೆರೋವ್‌ಸ್ಕೈಟ್‌ನಲ್ಲಿ ಎರಡು ಬಗೆಯ ಲೋಹದ ಜಾಗಗಳಿವೆ. ದೊಡ್ಡ ಅಯಾನು ಕೂರುವುದು ಎ ಜಾಗ. ನಿಮ್ಮ ವಸ್ತುವಿನಲ್ಲಿ ಅಲ್ಲಿ ಲ್ಯಾಂಥನಮ್ ಇದೆ. ಸಣ್ಣದು ಕೂರುವುದು ಬಿ ಜಾಗ. ಅಲ್ಲಿ ಮ್ಯಾಂಗನೀಸ್ ಇದೆ, ಅದರ ಸುತ್ತ ಆರು ಆಮ್ಲಜನಕ. ಈ ಆರು ಮೂಲೆಯ ಗೂಡುಗಳು ಮೂಲೆಗೆ ಮೂಲೆ ಸೇರಿಸಿಕೊಂಡು ಮೂರೂ ದಿಕ್ಕಿಗೆ ಹರಡಿವೆ. ವಿದ್ಯುತ್ತು, ಕಾಂತಗುಣ ಎರಡೂ ನಡೆಯುವುದು ಈ ಜಾಲದಲ್ಲಿ. ಎ ಜಾಗದ ಅಯಾನು ನೇರವಾಗಿ ಅದರಲ್ಲಿ ಭಾಗವಹಿಸುವುದಿಲ್ಲ. ಆದರೆ ಜಾಲಕ್ಕೆ ಎಷ್ಟು ಎಲೆಕ್ಟ್ರಾನ್ ಸಿಗಬೇಕು, ಜಾಲ ಎಷ್ಟು ಬಾಗಬೇಕು ಎನ್ನುವುದನ್ನು ಅದೇ ತೀರ್ಮಾನಿಸುತ್ತದೆ.

ಏನೂ ಬೆರೆಸದ ಲ್ಯಾಂಥನಮ್ ಮ್ಯಾಂಗನೈಟ್‌ನಲ್ಲಿ ಲ್ಯಾಂಥನಮ್ 3+ ಸ್ಥಿತಿಯಲ್ಲಿದೆ, ಹಾಗಾಗಿ ಮ್ಯಾಂಗನೀಸ್ ಕೂಡ 3+. ಅದರ ಹೊರಗೆ ನಾಲ್ಕು ಡಿ ಎಲೆಕ್ಟ್ರಾನ್‌ಗಳು. ಮೂರು ಕೆಳಗಿನ ಮಟ್ಟದಲ್ಲಿ, ಅಂದರೆ ಟಿ-2-ಜಿ ಮಟ್ಟದಲ್ಲಿ, ಅಲುಗಾಡದೆ ಕೂತಿರುತ್ತವೆ. ನಾಲ್ಕನೆಯದು ಮೇಲಿನ ಇ-ಜಿ ಮಟ್ಟದಲ್ಲಿದೆ. ಓಡಾಡಬಲ್ಲದ್ದು ಅದೊಂದೇ. ಆದರೆ ಅದು ಹೋಗುವುದಾದರೂ ಎಲ್ಲಿಗೆ? ಪಕ್ಕದ ಪ್ರತಿ ಮ್ಯಾಂಗನೀಸ್ ಮೇಲೂ ಅಂಥದ್ದೇ ಒಂದು ಎಲೆಕ್ಟ್ರಾನ್ ಇದೆ. ಒಂದೇ ಮ್ಯಾಂಗನೀಸ್ ಮೇಲೆ ಎರಡು ಸೇರಿದರೆ ಅವುಗಳ ನಡುವಿನ ವಿಕರ್ಷಣೆಗೆ ತುಂಬಾ ಶಕ್ತಿ ತೆರಬೇಕು. ಜಾರುವ ಚೌಕಗಳ ಆಟ ನೋಡಿದ್ದೀರಲ್ಲ, ಅದರಲ್ಲಿ ಒಂದೂ ಖಾಲಿ ಮನೆ ಇಲ್ಲದಿದ್ದರೆ ಯಾವ ಚೌಕವೂ ಕದಲುವುದಿಲ್ಲ. ಇಲ್ಲೂ ಹಾಗೇ. ಸಾಲದ್ದಕ್ಕೆ ಯಾನ್-ಟೆಲ್ಲರ್ ಪರಿಣಾಮದಿಂದ ಪ್ರತಿ ಗೂಡೂ ಒಂದು ದಿಕ್ಕಿಗೆ ಎಳೆದುಕೊಂಡು ಆ ಎಲೆಕ್ಟ್ರಾನನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಹೀಗಾಗಿ ಈ ವಸ್ತು ಅವಾಹಕ. ಸುಮಾರು 140 ಕೆಲ್ವಿನ್ ಕೆಳಗೆ ಅದು ಆಂಟಿಫೆರೋಮ್ಯಾಗ್ನೆಟ್ ಕೂಡ ಹೌದು: ಒಂದು ಪದರದ ಸ್ಪಿನ್‌ಗಳು, ಅಂದರೆ ಎಲೆಕ್ಟ್ರಾನ್‌ಗಳ ಪುಟ್ಟ ಕಾಂತಗಳು, ಮೇಲೆ ನೋಡಿದರೆ ಮುಂದಿನ ಪದರದವು ಕೆಳಗೆ ನೋಡುತ್ತವೆ, ಒಟ್ಟು ಸೊನ್ನೆ.

ಈಗ ಸ್ಟ್ರಾನ್ಷಿಯಮ್ ಬಂತು. ಅದು 2+ ಮಾತ್ರ. ಒಂದು ಲ್ಯಾಂಥನಮ್ ಹೋಗಿ ಒಂದು ಸ್ಟ್ರಾನ್ಷಿಯಮ್ ಕೂತರೆ ಒಂದು ಧನ ಆವೇಶ ಕಡಿಮೆ ಬೀಳುತ್ತದೆ. ಅದನ್ನು ತುಂಬಿಕೊಡಲು ಒಂದು ಮ್ಯಾಂಗನೀಸ್ ತನ್ನ ಇ-ಜಿ ಎಲೆಕ್ಟ್ರಾನ್ ಬಿಟ್ಟು 4+ ಆಗುತ್ತದೆ. ಅಲ್ಲಿಗೆ ಜಾಲದಲ್ಲಿ ಒಂದು ಖಾಲಿ ಜಾಗ ಸಿಕ್ಕಿತು. ಪಕ್ಕದ 3+ ಮೇಲಿನ ಎಲೆಕ್ಟ್ರಾನ್ ಈಗ ಅಲ್ಲಿಗೆ ಹೋಗಬಹುದು.

ಹೋಗಲು ಒಂದು ಷರತ್ತಿದೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾಗುವ ಭಾಗ ಇದೇ. ಪ್ರತಿ ಮ್ಯಾಂಗನೀಸ್‌ನಲ್ಲೂ ಕೂತೇ ಇರುವ ಆ ಮೂರು ಟಿ-2-ಜಿ ಎಲೆಕ್ಟ್ರಾನ್‌ಗಳು ಸೇರಿ ಒಂದು ಗಟ್ಟಿ ಸ್ಪಿನ್ ಆಗಿವೆ. ಹುಂಡ್ ನಿಯಮದ ಪ್ರಕಾರ, ಬರುವ ಎಲೆಕ್ಟ್ರಾನ್‌ನ ಸ್ಪಿನ್ ಅವುಗಳ ದಿಕ್ಕಿನಲ್ಲೇ ಇರಬೇಕು. ಹೊರಡುವ ಮ್ಯಾಂಗನೀಸ್‌ನ ಸ್ಪಿನ್ ಮತ್ತು ತಲುಪುವ ಮ್ಯಾಂಗನೀಸ್‌ನ ಸ್ಪಿನ್ ಒಂದೇ ಕಡೆ ಇದ್ದರೆ ಎಲೆಕ್ಟ್ರಾನ್ ಸಲೀಸಾಗಿ ದಾಟುತ್ತದೆ. ಎದುರುಬದುರಾಗಿದ್ದರೆ ದಾಟುವುದೇ ಇಲ್ಲ. ನಡುವಿನ ಕೋನಗಳಲ್ಲಿ, ಆ ಕೋನದ ಅರ್ಧದ ಕೊಸೈನ್ ಎಷ್ಟೋ ಅಷ್ಟು ಪಾಲು. ಇನ್ನು ಎಲೆಕ್ಟ್ರಾನ್ ಓಡಾಡಿದಷ್ಟೂ ವಸ್ತುವಿನ ಶಕ್ತಿ ಇಳಿಯುತ್ತದೆ. ಆದ್ದರಿಂದ ಓಡಾಟಕ್ಕೆ ಅನುಕೂಲವಾಗಲಿ ಎಂದು ಸ್ಪಿನ್‌ಗಳೆಲ್ಲ ಒಂದೇ ದಿಕ್ಕಿಗೆ ತಿರುಗುತ್ತವೆ. ಹರಿವು ಕಾಂತಗುಣವನ್ನು ತರುತ್ತದೆ, ಕಾಂತಗುಣ ಹರಿವನ್ನು ಹೆಚ್ಚಿಸುತ್ತದೆ. ಇದಕ್ಕೆ ಡಬಲ್ ಎಕ್ಸ್‌ಚೇಂಜ್ ಎನ್ನುತ್ತಾರೆ. 1950ರಲ್ಲಿ ಯೋಂಕರ್ ಮತ್ತು ಫಾನ್ ಸಾಂಟೆನ್ ಈ ಮ್ಯಾಂಗನೈಟ್‌ಗಳು ಫೆರೋಮ್ಯಾಗ್ನೆಟ್ (ಸ್ಪಿನ್‌ಗಳೆಲ್ಲ ಒಂದೇ ದಿಕ್ಕಿಗಿರುವ ಕಾಂತ) ಆಗುವುದನ್ನು ಪ್ರಕಟಿಸಿದರು. ಮರುವರ್ಷವೇ ಕ್ಲಾರೆನ್ಸ್ ಜೀನರ್ ಈ ವಿವರಣೆ ಕೊಟ್ಟರು.

ಸ್ಟ್ರಾನ್ಷಿಯಮ್ ಕಾಂತವನ್ನು ತರಲಿಲ್ಲ, ಜಾಗ ಖಾಲಿ ಮಾಡಿಸಿತು. ಕಾಂತಗುಣ ಮ್ಯಾಂಗನೀಸ್‌ನಲ್ಲಿ ಮೊದಲೇ ಇತ್ತು, ಪರಸ್ಪರ ಎದುರಾಗಿ ನಿಂತು ಕಾಣಿಸದೆ ಇತ್ತು ಅಷ್ಟೇ. ಲೆಕ್ಕ ಹಾಕಿ ನೋಡಿ. ಪರಮಾಣುವಿನ ಕಾಂತಗುಣ ಅಳೆಯುವ ಏಕಮಾನ ಬೋರ್ ಮ್ಯಾಗ್ನೆಟಾನ್. ಮ್ಯಾಂಗನೀಸ್ 3+ಗೆ 4 ಬೋರ್ ಮ್ಯಾಗ್ನೆಟಾನ್, 4+ಗೆ 3. ಶೇ 30 ಸ್ಟ್ರಾನ್ಷಿಯಮ್ ಇದ್ದರೆ 0.7 × 4 + 0.3 × 3, ಅಂದರೆ 3.7. ಗ್ರಾಂ ಲೆಕ್ಕದಲ್ಲಿ ಇದು ಸುಮಾರು 91 ಇಎಂಯು (ಮ್ಯಾಗ್ನೆಟೋಮೀಟರ್ ಕೊಡುವ ಕಾಂತಗುಣದ ಏಕಮಾನ). ಕೆಲವೇ ಕೆಲ್ವಿನ್‌ನಲ್ಲಿ, ಕೆಲವು ಟೆಸ್ಲಾ ಫೀಲ್ಡ್‌ನಲ್ಲಿ ಅಳೆದಾಗ ಒಳ್ಳೆಯ ಸ್ಯಾಂಪಲ್ ಇದರ ಹತ್ತಿರ ಬರಬೇಕು. ನಿಮ್ಮ ಮೊದಲ ಸ್ಯಾಂಪಲ್‌ನ ಸಂಖ್ಯೆಯನ್ನು ಇದರ ಜೊತೆ ಇಟ್ಟು ನೋಡಿ.

ಶೇ 30 ಯಾಕೆ ಎನ್ನುವ ಪ್ರಶ್ನೆ ತುಂಬಾ ಒಳ್ಳೆಯದು. ಸಿಲಿಕಾನ್‌ನಲ್ಲಿ ಮೇಲಿನ ಬ್ಯಾಂಡ್, ಅಂದರೆ ಎಲೆಕ್ಟ್ರಾನ್ ಓಡಾಡಬಲ್ಲ ಶಕ್ತಿಮಟ್ಟಗಳ ಪಟ್ಟಿ, ಖಾಲಿಯೇ ಇದೆ. ಒಂದು ರಂಜಕದ ಪರಮಾಣು ಒಂದು ಎಲೆಕ್ಟ್ರಾನ್ ಕೊಟ್ಟರೆ ಅದಕ್ಕೆ ಅಡ್ಡಿ ಇಲ್ಲ, ಹರಿದಾಡುತ್ತದೆ. ಮ್ಯಾಂಗನೈಟ್‌ನಲ್ಲಿ ಎಲೆಕ್ಟ್ರಾನ್‌ಗಳಿಗೆ ಕೊರತೆಯಿಲ್ಲ, ಎಲ್ಲವೂ ಒಂದನ್ನೊಂದು ತಡೆದು ನಿಂತಿವೆ. ಅಲ್ಲೊಂದು ಇಲ್ಲೊಂದು ಖಾಲಿ ಜಾಗ ಮಾಡಿದರೆ, ಸುತ್ತಲಿನ ಗೂಡುಗಳ ಎಳೆತ ಅದನ್ನು ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಸಾಕಷ್ಟು ಖಾಲಿ ಜಾಗಗಳಾಗಿ, ಒಂದರ ಪ್ರಭಾವ ಇನ್ನೊಂದನ್ನು ಮುಟ್ಟುವವರೆಗೂ ಲೋಹದ ಗುಣ ಬರುವುದಿಲ್ಲ. ಸ್ಟ್ರಾನ್ಷಿಯಮ್ ಬೆರೆಸಿದಾಗ ಆ ಗಡಿ ಶೇ 17ರ ಆಸುಪಾಸು. ಅದಕ್ಕೂ ಮೊದಲು, ಶೇ 10ರ ಹತ್ತಿರ, ವಸ್ತು ಫೆರೋಮ್ಯಾಗ್ನೆಟ್ ಆಗಿರುತ್ತದೆ, ಆದರೆ ತಣ್ಣಗಾದಾಗ ಅವಾಹಕವಾಗಿಯೇ ಉಳಿಯುತ್ತದೆ. ಶೇ 30ರಲ್ಲಿ ಒಂದು ಘನ ಸೆಂಟಿಮೀಟರ್‌ನಲ್ಲಿ ಸುಮಾರು 5 × 10ರ 21ನೇ ಘಾತದಷ್ಟು ಖಾಲಿ ಜಾಗಗಳಿರುತ್ತವೆ. ನೀವು ಹೇಳಿದ ಸಿಲಿಕಾನ್‌ಗಿಂತ ಇದು ಲಕ್ಷ ಪಟ್ಟು.

ಹಾಗಂತ ಪೆರೋವ್‌ಸ್ಕೈಟ್ ಎಂದರೆ ಯಾವಾಗಲೂ ಜಾಸ್ತಿ ಬೆರೆಸಲೇಬೇಕು ಎಂದುಕೊಳ್ಳಬೇಡಿ. ಸ್ಟ್ರಾನ್ಷಿಯಮ್ ಟೈಟನೇಟ್ ತೆಗೆದುಕೊಳ್ಳಿ. ಅದೂ ಇದೇ ರಚನೆ, ಆದರೆ ಟೈಟಾನಿಯಮ್ 4+ ಮೇಲೆ ಡಿ ಎಲೆಕ್ಟ್ರಾನೇ ಇಲ್ಲ. ಬ್ಯಾಂಡ್ ಗ್ಯಾಪ್ 3.2 ಎಲೆಕ್ಟ್ರಾನ್ ವೋಲ್ಟ್, ಬಣ್ಣವಿಲ್ಲದ ಹರಳು. ಅದಕ್ಕೆ ಚೂರು ನಯೋಬಿಯಂ ಬೆರೆಸಿ, ಅಥವಾ ನಿರ್ವಾತದಲ್ಲಿ ಕಾಯಿಸಿ ಸ್ವಲ್ಪ ಆಮ್ಲಜನಕ ಕಳೆಯಿರಿ. ಹರಳು ನೀಲಿಗೆ ತಿರುಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಕರೆಂಟ್ ಹರಿಸುತ್ತದೆ. ಮ್ಯಾಂಗನೈಟ್‌ಗೆ ಬೇಕಾದದ್ದರ ಸಾವಿರದಲ್ಲೊಂದು ಪಾಲೂ ಇಲ್ಲಿ ಬೇಡ. 1964ರಲ್ಲಿ ಇಂಥ ಹರಳು ಸುಮಾರು 0.3 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗುವುದೂ ಗೊತ್ತಾಯಿತು. ಖಾಲಿ ಬ್ಯಾಂಡ್‌ಗೆ ಎಲೆಕ್ಟ್ರಾನ್ ಸೇರಿಸುವುದು ಬೇರೆ, ತುಂಬಿ ನಿಂತಿರುವ ಕಡೆ ಜಾಗ ಮಾಡುವುದು ಬೇರೆ. ನಿಮ್ಮ ವಸ್ತು ಯಾವ ಗುಂಪಿಗೆ ಸೇರಿದ್ದು ಎಂದು ಮೊದಲು ಗೊತ್ತು ಮಾಡಿಕೊಂಡರೆ ಎಷ್ಟು ಬೆರೆಸಬೇಕು ಎನ್ನುವುದು ಅರ್ಧ ತೀರ್ಮಾನವಾದಂತೆ.

ಇನ್ನು ಗಾತ್ರದ ವಿಷಯ. ಅನೇಕರು ಆವೇಶದ ಲೆಕ್ಕ ಮಾತ್ರ ಹಾಕಿ ಇದನ್ನು ಬಿಟ್ಟುಬಿಡುತ್ತಾರೆ. ಸ್ಟ್ರಾನ್ಷಿಯಮ್ ಬದಲು ಶೇ 30 ಕ್ಯಾಲ್ಸಿಯಂ ಹಾಕಿದ್ದರೆ ಖಾಲಿ ಜಾಗಗಳ ಸಂಖ್ಯೆ ಒಂದೇ ಇರುತ್ತಿತ್ತು. ಆದರೂ ಕ್ಯೂರಿ ತಾಪಮಾನ (ಇದರ ಮೇಲೆ ಫೆರೋಮ್ಯಾಗ್ನೆಟ್ ತನ್ನ ಕಾಂತಗುಣ ಕಳೆದುಕೊಳ್ಳುತ್ತದೆ) ಸುಮಾರು 370 ಕೆಲ್ವಿನ್‌ನಿಂದ 250ರ ಹತ್ತಿರಕ್ಕೆ ಇಳಿಯುತ್ತಿತ್ತು. ಎಲೆಕ್ಟ್ರಾನ್ ಹೋಗಬೇಕಾದ ಮ್ಯಾಂಗನೀಸ್–ಆಮ್ಲಜನಕ–ಮ್ಯಾಂಗನೀಸ್ ಸಾಲು ನೇರವಾಗಿಲ್ಲ, ಬಾಗಿದೆ. ಏನೂ ಬೆರೆಸದ ವಸ್ತುವಿನಲ್ಲಿ ಆ ಕೋನ ಸುಮಾರು 155 ಡಿಗ್ರಿ. 180ಕ್ಕೆ ಹತ್ತಿರವಾದಷ್ಟೂ ದಾಟುವುದು ಸುಲಭ. ಎ ಜಾಗದ ಅಯಾನು ಚಿಕ್ಕದಾದರೆ ಗೂಡುಗಳು ವಾಲಿಕೊಳ್ಳುತ್ತವೆ, ಕೋನ ಕುಗ್ಗುತ್ತದೆ. ಇದನ್ನು ಅಂದಾಜು ಮಾಡಲು 1926ರಲ್ಲಿ ಗೋಲ್ಡ್‌ಸ್ಮಿಟ್ ಕೊಟ್ಟ ಟಾಲರೆನ್ಸ್ ಫ್ಯಾಕ್ಟರ್ ಇವತ್ತಿಗೂ ಸಾಕು. ಎ ಅಯಾನು ಮತ್ತು ಆಮ್ಲಜನಕದ ತ್ರಿಜ್ಯಗಳನ್ನು ಕೂಡಿಸಿ, ಅದನ್ನು ಬಿ ಅಯಾನು ಮತ್ತು ಆಮ್ಲಜನಕದ ತ್ರಿಜ್ಯಗಳ ಮೊತ್ತದ ವರ್ಗಮೂಲ 2 ಪಟ್ಟಿನಿಂದ ಭಾಗಿಸಿ. ಲ್ಯಾಂಥನಮ್ 1.36, ಸ್ಟ್ರಾನ್ಷಿಯಮ್ 1.44, ಕ್ಯಾಲ್ಸಿಯಂ 1.34, ಆಮ್ಲಜನಕ 1.40, ಮ್ಯಾಂಗನೀಸ್ 3+ 0.645, 4+ 0.53 ಆಂಗ್‌ಸ್ಟ್ರಾಮ್. ಶೇ 30 ಸ್ಟ್ರಾನ್ಷಿಯಮ್‌ಗೆ 0.979 ಬರುತ್ತದೆ, ಶೇ 30 ಕ್ಯಾಲ್ಸಿಯಂಗೆ 0.969. ವ್ಯತ್ಯಾಸ ನೂರರಲ್ಲಿ ಒಂದು. ಅದಕ್ಕೇ ನೂರಕ್ಕೂ ಜಾಸ್ತಿ ಕೆಲ್ವಿನ್ ಅಂತರ!

ಸರಾಸರಿ ಗಾತ್ರ ಒಂದೇ ಇದ್ದರೂ, ತುಂಬಾ ದೊಡ್ಡದು ಮತ್ತು ತುಂಬಾ ಚಿಕ್ಕದನ್ನು ಬೆರೆಸಿ ಆ ಸರಾಸರಿ ತಂದಿದ್ದರೆ ಕ್ಯೂರಿ ತಾಪಮಾನ ಮತ್ತೂ ಇಳಿಯುತ್ತದೆ. ಆಮ್ಲಜನಕಗಳು ಒಂದೊಂದು ಕಡೆ ಒಂದೊಂದು ರೀತಿ ಸರಿದು ದಾರಿ ಅಂಕುಡೊಂಕಾಗುತ್ತದೆ. ಬೇರಿಯಂ ಹಾಕುವ ಯೋಚನೆ ಇದ್ದರೆ ಇದನ್ನು ನೆನಪಿಡಿ, ಅದರ ತ್ರಿಜ್ಯ 1.61.

ಡಬಲ್ ಎಕ್ಸ್‌ಚೇಂಜ್ ಒಂದರಿಂದಲೇ ಎಲ್ಲ ಅರ್ಥವಾಗುತ್ತದೆ ಎಂದು ಹಲವು ವರ್ಷ ನಂಬಲಾಗಿತ್ತು. 1994ರಲ್ಲಿ ಕ್ಯಾಲ್ಸಿಯಂ ಬೆರೆಸಿದ ತೆಳು ಪದರಗಳಲ್ಲಿ ಕಾಂತಕ್ಷೇತ್ರ ಕೊಟ್ಟಾಗ ರೋಧ ಸಾವಿರ ಪಟ್ಟಿಗೂ ಜಾಸ್ತಿ ಬದಲಾಗುವುದು ಕಂಡಿತು. ಮುಂದಿನ ವರ್ಷ ಮಿಲಿಸ್, ಲಿಟಲ್‌ವುಡ್, ಶ್ರೈಮನ್ ಲೆಕ್ಕ ಹಾಕಿ, ಡಬಲ್ ಎಕ್ಸ್‌ಚೇಂಜ್ ಮಾತ್ರ ಇಷ್ಟು ದೊಡ್ಡ ಬದಲಾವಣೆಯನ್ನು ವಿವರಿಸಲಾರದು ಎಂದು ತೋರಿಸಿದರು. ಕ್ಯೂರಿ ತಾಪಮಾನದ ಮೇಲೆ ಎಲೆಕ್ಟ್ರಾನ್ ತನ್ನ ಸುತ್ತಲಿನ ಗೂಡನ್ನು ಎಳೆದುಕೊಂಡು ತಾನೇ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಜೋಡಿಗೆ ಪೋಲರಾನ್ ಎಂದು ಹೆಸರು. ಕಾಂತಕ್ಷೇತ್ರ ಸ್ಪಿನ್‌ಗಳನ್ನು ಒಂದು ಕಡೆ ತಿರುಗಿಸಿದಾಗ ಎಲೆಕ್ಟ್ರಾನ್‌ಗೆ ಬಿಡಿಸಿಕೊಂಡು ಹೋಗುವಷ್ಟು ಅನುಕೂಲ ಸಿಗುತ್ತದೆ. ದಾರಿ ಬಾಗಿರುವ ಕ್ಯಾಲ್ಸಿಯಂ ಸ್ಯಾಂಪಲ್‌ನಲ್ಲಿ ಈ ಪರಿಣಾಮ ದೊಡ್ಡದು, ದಾರಿ ನೇರವಾಗಿರುವ ನಿಮ್ಮ ಸ್ಟ್ರಾನ್ಷಿಯಮ್ ಸ್ಯಾಂಪಲ್‌ನಲ್ಲಿ ಚಿಕ್ಕದು.

ಈಗ ಕಬ್ಬಿಣಕ್ಕೆ ಬರೋಣ. ನಿಮಗೆ ಗೊತ್ತಿಲ್ಲದೆಯೇ ನೀವು ಒಂದು ಚಂದದ ಪ್ರಯೋಗ ಮಾಡಿದ್ದೀರಿ. ಕಬ್ಬಿಣ 3+ನ ತ್ರಿಜ್ಯವೂ 0.645, ಮ್ಯಾಂಗನೀಸ್ 3+ನಷ್ಟೇ. ಆವೇಶವೂ ಅದೇ. ಅಂದರೆ ಗೂಡಿನ ಗಾತ್ರ, ಕೋನ ಹೆಚ್ಚು ಕಡಿಮೆ ಹಾಗೇ ಉಳಿದು ಎಲೆಕ್ಟ್ರಾನ್‌ಗಳ ಲೆಕ್ಕ ಮಾತ್ರ ಬದಲಾಗಿದೆ. ಕಬ್ಬಿಣಕ್ಕೆ ಐದು ಡಿ ಎಲೆಕ್ಟ್ರಾನ್, ಐದೂ ಒಂದೇ ಸ್ಪಿನ್. ಎರಡೂ ಇ-ಜಿ ಮನೆಗಳು ಆ ಸ್ಪಿನ್‌ಗೆ ಭರ್ತಿ. ಮ್ಯಾಂಗನೀಸ್‌ನಿಂದ ಹೊರಟ ಎಲೆಕ್ಟ್ರಾನ್‌ಗೆ ಅಲ್ಲಿ ಜಾಗವಿಲ್ಲ. ದಾರಿಯ ನಡುವೆ ಹತ್ತರಲ್ಲೊಂದು ಕಡೆ ನೀವು ಬಾಗಿಲು ಮುಚ್ಚಿದ್ದೀರಿ. ಒಂದು ಕಬ್ಬಿಣಕ್ಕೆ ಆರು ಪಕ್ಕದವರು, ಹಾಗಾಗಿ ಶೇ 10 ಕಬ್ಬಿಣ ಅಂದರೆ ಸುಮಾರು ಶೇ 20 ಕೊಂಡಿಗಳು ಡಬಲ್ ಎಕ್ಸ್‌ಚೇಂಜ್‌ನಿಂದ ಹೊರಗೆ. ಅದರ ಮೇಲೆ ಕಬ್ಬಿಣವು ಪಕ್ಕದ ಮ್ಯಾಂಗನೀಸ್ 3+ ಜೊತೆ ಸೂಪರ್‌ಎಕ್ಸ್‌ಚೇಂಜ್ (ಎಲೆಕ್ಟ್ರಾನ್ ನಿಜವಾಗಿ ದಾಟದೆ, ನಡುವಿನ ಆಮ್ಲಜನಕದ ಮೂಲಕ ನಡೆಯುವ ಕಾಂತೀಯ ಸಂಬಂಧ) ಮೂಲಕ ಎದುರುಬದುರಾಗಿ ನಿಲ್ಲಲು ನೋಡುತ್ತದೆ. ಕ್ಯೂರಿ ತಾಪಮಾನ ಕೋಣೆಯ ತಾಪಮಾನದ ಕೆಳಗೆ ಜಾರಿದೆ, ಅದಕ್ಕೇ ಪುಡಿ ಅಂಟುತ್ತಿಲ್ಲ. ಲಿಕ್ವಿಡ್ ನೈಟ್ರೋಜನ್‌ನಲ್ಲಿ ತಣ್ಣಗೆ ಮಾಡಿ ಮ್ಯಾಗ್ನೆಟ್ ಹಿಡಿಯಿರಿ, ಅಂಟಿಕೊಳ್ಳುತ್ತದೆ.

ಕಬ್ಬಿಣ ಎತ್ತ ನೋಡುತ್ತಿದೆ ಎಂದು ನೀವೇ ಅಂದಾಜು ಮಾಡಬಹುದು. ನಿಮ್ಮ ಸ್ಯಾಂಪಲ್‌ನಲ್ಲಿ ಈಗ ಮ್ಯಾಂಗನೀಸ್ 3+ 0.6, 4+ 0.3, ಕಬ್ಬಿಣ 0.1. ಕಬ್ಬಿಣದ 5 ಮ್ಯಾಗ್ನೆಟಾನ್ ಮ್ಯಾಂಗನೀಸ್ ಕಡೆಗೇ ನೋಡಿದರೆ ಒಟ್ಟು 3.8. ನೀವು ನಿರೀಕ್ಷಿಸಿದ್ದು ಇದನ್ನೇ, ಅಲ್ವಾ? ಕಬ್ಬಿಣ ಎಲ್ಲಾ ಕಡೆ ಚದುರಿ ನಿಂತಿದ್ದರೆ 3.3. ಪೂರ್ತಿ ಎದುರಾಗಿದ್ದರೆ 2.8. ಅತಿ ಕಡಿಮೆ ತಾಪಮಾನದಲ್ಲಿ, ನಿಮಗೆ ಸಿಗುವ ಅತಿ ಹೆಚ್ಚಿನ ಫೀಲ್ಡ್‌ನಲ್ಲಿ ಅಳೆದ ಸಂಖ್ಯೆ ಯಾವುದರ ಹತ್ತಿರ ಬರುತ್ತದೆ ನೋಡಿ. ಕರ್ವ್ ಇನ್ನೂ ಏರುತ್ತಲೇ ಇದ್ದರೆ ಆತುರದಿಂದ ತೀರ್ಮಾನಿಸಬೇಡಿ, ಪೂರ್ತಿ ಸಾಲಾಗದ ಸ್ಪಿನ್‌ಗಳು ಇನ್ನೂ ಉಳಿದಿವೆ ಎಂದರ್ಥ. ಸಾಧ್ಯವಾದರೆ ಅದೇ ಶೇ 10ರಷ್ಟು ಗ್ಯಾಲಿಯಂ ಹಾಕಿ ಇನ್ನೊಂದು ಸ್ಯಾಂಪಲ್ ಮಾಡಿ. ಗ್ಯಾಲಿಯಂ 3+ಗೆ ಕಾಂತಗುಣ ಇಲ್ಲ, ತ್ರಿಜ್ಯ 0.62, ಸಾಕಷ್ಟು ಹತ್ತಿರ. ದಾರಿ ಮುಚ್ಚುವುದರಿಂದ ಎಷ್ಟು ಇಳಿಯಿತು, ಕಬ್ಬಿಣದ ಸ್ಪಿನ್‌ನಿಂದ ಎಷ್ಟು ಇಳಿಯಿತು ಎಂದು ಆಗ ಬಿಡಿಸಿ ಹೇಳಬಹುದು. ಪ್ರಾಜೆಕ್ಟ್‌ಗೆ ಈ ಒಂದು ಹೋಲಿಕೆ ಹತ್ತು ಸ್ಯಾಂಪಲ್‌ಗಳ ಪಟ್ಟಿಗಿಂತ ಹೆಚ್ಚು ತೂಕ ಕೊಡುತ್ತದೆ.

ಬಿ ಜಾಗವನ್ನು ಮುಟ್ಟಿದರೆ ಯಾವಾಗಲೂ ಕಾಂತಗುಣ ಕೆಡುತ್ತದೆ ಎಂದೂ ಇಲ್ಲ. ಪ್ರೇಸಿಯೋಡಿಮಿಯಂ ಮತ್ತು ಕ್ಯಾಲ್ಸಿಯಂ ಅರ್ಧರ್ಧ ಇರುವ ಮ್ಯಾಂಗನೈಟ್‌ನಲ್ಲಿ 3+ ಮತ್ತು 4+ ಚದುರಂಗದ ಮನೆಗಳಂತೆ ಸಾಲಾಗಿ ಗಟ್ಟಿಯಾಗಿಬಿಡುತ್ತವೆ, ವಸ್ತು ಅವಾಹಕವಾಗುತ್ತದೆ. ಅಲ್ಲಿ ಕೆಲವೇ ಶೇಕಡಾ ಕ್ರೋಮಿಯಂ ಹಾಕಿದರೆ ಆ ಸಾಲು ಮುರಿದು ಫೆರೋಮ್ಯಾಗ್ನೆಟಿಕ್ ಲೋಹ ಹೊರಬರುತ್ತದೆ. ಮೊದಲು ಅಲ್ಲಿ ಏನು ನೆಲೆಗೊಂಡಿತ್ತೋ ಅದನ್ನೇ ಬೆರಕೆ ಕೆಡಿಸುವುದು.

ರೋಧದ ಬಗ್ಗೆ ಒಂದು ಮಾತು. ಒತ್ತಿ ಸುಟ್ಟ ಬಿಲ್ಲೆಯಲ್ಲಿ ಕಣದಿಂದ ಕಣಕ್ಕೆ ಇರುವ ಗಡಿಗಳೂ ಕರೆಂಟನ್ನು ತಡೆಯುತ್ತವೆ. ಹಾಗಾಗಿ ರೋಧದ ಶಿಖರ, ಅಂದರೆ ರೋಧ ಅತಿ ಹೆಚ್ಚಾಗುವ ತಾಪಮಾನ, ಕ್ಯೂರಿ ತಾಪಮಾನಕ್ಕಿಂತ ಎಷ್ಟೋ ಕೆಳಗೆ ಬರಬಹುದು. ಎರಡು ಸ್ಯಾಂಪಲ್‌ಗಳನ್ನು ಹೋಲಿಸುವಾಗ ಒಂದೇ ತಾಪಮಾನದಲ್ಲಿ, ಒಂದೇ ಹೊತ್ತು ಸುಟ್ಟಿರಬೇಕು. ಅಳೆಯುವುದು ನಾಲ್ಕು ತಂತಿಯ ವಿಧಾನದಲ್ಲೇ. ಆಮ್ಲಜನಕದ ಪ್ರಮಾಣವನ್ನೂ ಅಯೋಡೋಮೆಟ್ರಿಕ್ ಟೈಟ್ರೇಷನ್‌ನಿಂದ ನೋಡಿಕೊಳ್ಳಿ. ಏನೂ ಬೆರೆಸದ ಲ್ಯಾಂಥನಮ್ ಮ್ಯಾಂಗನೈಟನ್ನು ಸುಮ್ನೆ ಗಾಳಿಯಲ್ಲಿ ಸುಟ್ಟರೂ ಲೋಹದ ಜಾಗಗಳು ಖಾಲಿ ಉಳಿದು ಮ್ಯಾಂಗನೀಸ್ 4+ ಹುಟ್ಟುತ್ತದೆ, ಫೆರೋಮ್ಯಾಗ್ನೆಟ್ ಆಗುತ್ತದೆ. ಬಾಟಲಿಯಿಂದ ನೀವು ಹಾಕಿದ್ದಷ್ಟೇ ಡೋಪಿಂಗ್ (ಬೆರಕೆ) ಅಲ್ಲ, ಫರ್ನೇಸ್ ಕೂಡ ಡೋಪ್ ಮಾಡುತ್ತದೆ.

ಕೊನೆಗೆ 45 ಕೆಲ್ವಿನ್‌ನ ಆ ಏರು. ಅದನ್ನು ಥೀಸಿಸ್‌ನಲ್ಲಿ ಹೊಸ ಬದಲಾವಣೆ ಎಂದು ಬರೆಯುವ ಮೊದಲು ಇಬ್ಬರನ್ನು ಅನುಮಾನಿಸಿ. ಮೊದಲನೆಯದು ಗಾಳಿ. ಸ್ಯಾಂಪಲ್ ಜೊತೆ ಚೇಂಬರ್‌ಗೆ ಸೇರಿದ ಆಮ್ಲಜನಕ ಅಲ್ಲಿ ಗಟ್ಟಿಯಾಗುತ್ತದೆ, 40ರಿಂದ 55 ಕೆಲ್ವಿನ್ ನಡುವೆ ಅದರ ಕಾಂತೀಯ ಗುರುತು ಕಾಣಿಸಿಕೊಳ್ಳುತ್ತದೆ. ಚೇಂಬರನ್ನು ಹೀಲಿಯಂನಿಂದ ಹಲವು ಸಲ ಚೆನ್ನಾಗಿ ತೊಳೆದು ಮತ್ತೆ ಅಳೆಯಿರಿ. ಏರು ಹೋದರೆ ಅಥವಾ ಗಾತ್ರ ಬದಲಾದರೆ ಅದು ಗಾಳಿಯದ್ದೇ.

ಹೋಗದಿದ್ದರೆ ಎರಡನೆಯದು, ಮ್ಯಾಂಗನೀಸ್‌ನ ಇನ್ನೊಂದು ಆಕ್ಸೈಡ್. ಮೂರು ಮ್ಯಾಂಗನೀಸ್‌ಗೆ ನಾಲ್ಕು ಆಮ್ಲಜನಕ ಇರುವ ಹೌಸ್‌ಮನೈಟ್ ಸುಮಾರು 43 ಕೆಲ್ವಿನ್ ಕೆಳಗೆ ಫೆರಿಮ್ಯಾಗ್ನೆಟ್, ಅಂದರೆ ಎದುರುಬದುರಾದ ಸ್ಪಿನ್‌ಗಳು ಪೂರ್ತಿ ರದ್ದಾಗದೆ ಒಂದಷ್ಟು ಕಾಂತಗುಣ ಉಳಿಯುವ ವಸ್ತು. ಶೇ 1ರಷ್ಟು ಇದ್ದರೆ ಸಾಮಾನ್ಯ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಚದುರಿಸಿ ರಚನೆ ನೋಡುವ ವಿಧಾನ) ಕಾಣುವುದು ಕಷ್ಟ, ಮ್ಯಾಗ್ನೆಟೋಮೀಟರ್‌ಗೆ ಮಾತ್ರ ಸಿಕ್ಕಿಬೀಳುತ್ತದೆ. ನನ್ನ ಅನುಮಾನ ಇದರ ಮೇಲೆಯೇ ಜಾಸ್ತಿ, ಯಾಕೆಂದರೆ ಅದು ಹುಟ್ಟುವ ದಾರಿ ತುಂಬಾ ಸುಲಭ. ಲ್ಯಾಂಥನಮ್ ಆಕ್ಸೈಡ್ ಗಾಳಿಯ ತೇವ ಹೀರಿ ಹೈಡ್ರಾಕ್ಸೈಡ್ ಆಗುತ್ತದೆ. ಪೂರ್ತಿ ಹಾಗಾದರೆ ತೂಕ ಶೇ 16.6 ಹೆಚ್ಚುತ್ತದೆ. ಗೊತ್ತಿಲ್ಲದೆ ಅದನ್ನೇ ಆಕ್ಸೈಡ್ ಎಂದು ತೂಗಿದರೆ ಶೇ 14ರಷ್ಟು ಲ್ಯಾಂಥನಮ್ ಕಡಿಮೆ ಬೀಳುತ್ತದೆ, ಉಳಿದ ಮ್ಯಾಂಗನೀಸ್ ಬೇರೆ ಆಕ್ಸೈಡ್ ಆಗಿ ಕೂರುತ್ತದೆ. ಮುಂದಿನ ಸಲ ಲ್ಯಾಂಥನಮ್ ಆಕ್ಸೈಡನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಕಾಯಿಸಿ, ಡೆಸಿಕೇಟರ್‌ನಲ್ಲಿ ಆರಿಸಿ, ತಡ ಮಾಡದೆ ತೂಗಿ. ಅದೇ ಶೇ 10 ಕಬ್ಬಿಣದ ಸ್ಯಾಂಪಲ್ ಮತ್ತೊಮ್ಮೆ ಮಾಡಿ, ಎರಡರ ಕರ್ವ್‌ಗಳನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿ ನಿಮ್ಮ ಗೈಡ್‌ಗೆ ತೋರಿಸಿ.